ಪೆನ್ಸಿಲ್ ಗುರುತಿನ ನೂರ ಮೂವತ್ತೇಳು ಪುಸ್ತಕಗಳು

2006ರಲ್ಲಿ ನಾನು ಮೊಳಕಾಲ್ಮುರು ತಾಲ್ಲೂಕಿನಲ್ಲಿ ಬಿ.ಆರ್.ಪಿ. ಆಗಿದ್ದೆ. ಬ್ಲಾಕ್ ರಿಸೋರ್ಸ್ ಪರ್ಸನ್ ಎಂಬುದರ ಚಿಕ್ಕ ರೂಪ ಅದು. ಹೆಸರು ಕೇಳಿ ಯಾರೂ ಬೆರಗಾಗಬೇಕಿಲ್ಲ. ಮೇಲಿನಿಂದ ಬಂದ ಸುತ್ತೋಲೆಯನ್ನು ಶಾಲೆಗಳಿಗೆ ಮುಟ್ಟಿಸುವುದು, ಶಾಲೆಗಳು ಕೊಟ್ಟ ಮಾಹಿತಿಯನ್ನು ಮೇಲಕ್ಕೆ ಕಳಿಸುವುದು, ನಡುವೆ ಬಿಡುವು ಸಿಕ್ಕರೆ ಶಿಕ್ಷಕರಿಗೆ ತರಬೇತಿ ಕೊಡುವುದು, ಇಷ್ಟೇ ಕೆಲಸ. ಮನೆ ಚಳ್ಳಕೆರೆಯಲ್ಲಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಮೊಳಕಾಲ್ಮುರಿಗೆ ಹೋಗಿ, ಅಲ್ಲಿ ನಿಲ್ಲಿಸಿದ್ದ ಮೊಪೆಡ್ ಹತ್ತಿ ಶಾಲೆ ಶಾಲೆ ಸುತ್ತುತ್ತಿದ್ದೆ. ಅದಕ್ಕೆ ಮೊದಲು ಹದಿನೇಳು ವರ್ಷ ಮೇಷ್ಟ್ರಾಗಿ ಪಾಠ ಹೇಳಿದವನು. ಪುಸ್ತಕ ಎಂದರೇನು, ಮಕ್ಕಳು ಎಂದರೇನು ಎಂದು ಗೊತ್ತಿರಬೇಕಾದವನು. ಆ ವರ್ಷ ನಾನು ಮಾಡಿದ ಕೆಲಸ ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ ಹುಟ್ಟುತ್ತದೆ.

ಆಗಸ್ಟ್‌ನಲ್ಲಿ ಒಂದು ಸುತ್ತೋಲೆ ಬಂತು. ಮುಂದಿನ ತಿಂಗಳು ಎಲ್ಲ ಶಾಲೆಗಳಲ್ಲೂ 'ಓದುವ ವಾರ' ನಡೆಸಬೇಕು. ಗಟ್ಟಿ ಓದು, ಕಥೆ ಹೇಳುವುದು, ಪುಸ್ತಕ ಪ್ರದರ್ಶನ, ಹೀಗೆ ದಿನಕ್ಕೊಂದು ಕಾರ್ಯಕ್ರಮ. ಇದಕ್ಕೆ ಬೇಕಾದ ಸಾಮಗ್ರಿಯೆಲ್ಲ ಒಂದು ಜಾಲತಾಣದಲ್ಲಿ ಇದೆ, ಇಳಿಸಿಕೊಂಡು ಶಾಲೆಗಳಿಗೆ ಹಂಚಬೇಕು. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಪಾಲಕ ಎಂಬ ಹುದ್ದೆಯೇ ಇಲ್ಲ. ಯಾರೋ ಒಬ್ಬ ಶಿಕ್ಷಕರಿಗೆ 'ಗ್ರಂಥಾಲಯದ ಹೊಣೆ' ಎಂದು ಕೀಲಿಕೈ ಕೊಟ್ಟಿರುತ್ತಾರೆ. ಆ ಶಿಕ್ಷಕರಿಗೆಂದೇ ಮಾಡಿದ ಜಾಲತಾಣ ಅದು. ಮಾಡಿದವರು ತಿಳಿದವರೇ. ತಪ್ಪು ಅವರದಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕಚೇರಿಯ ಕಂಪ್ಯೂಟರಿಗೆ ಫೋನ್ ಲೈನ್ ಇರಲಿಲ್ಲ. ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿಗೆ ಹೋದೆ. ಜಾಲತಾಣ ತೆರೆದರೆ ಕನ್ನಡ ಅಕ್ಷರ ಬರಬೇಕಾದ ಕಡೆ ಬರೀ ಚೌಕಗಳು. ಅಂಗಡಿಯವನು ಬಗ್ಗಿ ನೋಡಿ, "ಅರೆ ಸಾರ್, ಇದರಾಗೆ ಆ ಫಾಂಟ್ ಇಲ್ಲ. ಕೂತ್ಕಳಿ, ಹಾಕ್ಕೊಡ್ತೀನಿ" ಎಂದ. ಅರ್ಧ ಗಂಟೆಯಾದ ಮೇಲೆ ಅಕ್ಷರ ಕಾಣಿಸಿತು. ನಲವತ್ತು ಪುಟದ ಕೈಪಿಡಿ. ಬಸ್ಸಿಗೆ ಹೊತ್ತಾಗಿತ್ತು. ನಾಲ್ಕನೇ ಪುಟದಲ್ಲಿ 'ಮಾದರಿ ಓದುವ ಮೂಲೆ' ಎಂದಿತ್ತು. ತಾಲ್ಲೂಕಿಗೊಂದು ಓದುವ ಮೂಲೆಯ ಫೋಟೋ ಕಳಿಸಿದರೆ, ಆಯ್ದವನ್ನು ಜಾಲತಾಣದಲ್ಲಿ ಹಾಕುತ್ತಾರಂತೆ. ಪುಸ್ತಕಗಳು ಮಕ್ಕಳ ಕೈಗೆಟುಕುವಂತೆ, ಅಂದವಾಗಿ ಜೋಡಿಸಿರಬೇಕಂತೆ. ನಾನು ಓದಿದ್ದು ಆ ಪುಟವೊಂದನ್ನೇ. ಉಳಿದ ಮೂವತ್ತೊಂಬತ್ತನ್ನು ಹಾಗೇ ಪ್ರಿಂಟ್ ತೆಗೆಸಿ, ಜೆರಾಕ್ಸ್ ಮಾಡಿಸಿ, ಸ್ಟೇಪಲ್ ಹೊಡೆದು ಶಾಲೆಗಳಿಗೆ ಹಂಚಿದೆ. 'ಸಾಮಗ್ರಿ ತಲುಪಿದೆ' ಎಂದು ಎಲ್ಲರಿಂದ ಸಹಿ ತೆಗೆದುಕೊಂಡೆ.

ಸಿದ್ದಾಪುರ ದಾಟಿ, ಬಂಡೆಗುಡ್ಡಗಳ ನಡುವೆ ಆಂಧ್ರದ ಗಡಿ ಕಡೆಗೆ ಹೋದರೆ ಒಂದು ಹಟ್ಟಿ. ಹೆಸರು ಬೇಡ. ಅಲ್ಲಿಯ ಶಾಲೆಯಲ್ಲಿ ಗ್ರಂಥಾಲಯದ ಹೊಣೆ ಹೊತ್ತವರು ಸಕೀನಾ ಮೇಡಂ. ಚಳ್ಳಕೆರೆಯವರು, ಅವರ ತಂದೆ ಲಾರಿ ರಿಪೇರಿ ಮಾಡುವ ಮೆಕ್ಯಾನಿಕ್. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಹೇಳಿಕೊಡುವುದು ಕನ್ನಡ, ಹಟ್ಟಿಯ ಮಕ್ಕಳು ಮನೆಯಲ್ಲಿ ಆಡುವುದು ತೆಲುಗು. ಓದುವ ವಾರದ ತಯಾರಿ ನೋಡಲು ಹೋದಾಗ ಅವರು ಒಂದು ಬೇರೆ ಕೋಣೆಯನ್ನೇ ಪುಸ್ತಕಕ್ಕೆ ಬಿಟ್ಟುಕೊಟ್ಟಿದ್ದರು. ಬೀಗವಿಲ್ಲ. ಮಕ್ಕಳು ಬೇಕಾದಾಗ ಬರುತ್ತಾರೆ, ಬೇಕಾದ್ದು ಒಯ್ಯುತ್ತಾರೆ. ಕುರಿ ಕಾಯುವ ಮಕ್ಕಳು ಪುಸ್ತಕವನ್ನು ಗುಡ್ಡಕ್ಕೂ ಹೊತ್ತುಕೊಂಡು ಹೋಗುತ್ತಿದ್ದರಂತೆ.

ಪುಸ್ತಕಗಳ ಸ್ಥಿತಿ ನೋಡಿ ನನಗೆ ಮೈ ಉರಿಯಿತು. ರಟ್ಟು ಕಿತ್ತುಹೋಗಿದೆ, ಎಣ್ಣೆ ಕೈಯ ಗುರುತು, ಮಣ್ಣು, ಗೋಂದಿನ ಬದಲು ಅನ್ನದ ಅಗುಳು ಮೆತ್ತಿದ ಪುಟಗಳು. ಸಾಲದ್ದಕ್ಕೆ ಪುಟ ಪುಟದಲ್ಲೂ ಪೆನ್ಸಿಲ್ ಬರಹ. 'ಇರುವೆ' ಎಂಬ ಪದದ ಮೇಲೆ ವಕ್ರವಕ್ರವಾಗಿ 'ಚೀಮ' ಎಂದಿದೆ. 'ಮಳೆ' ಪಕ್ಕ 'ವಾನ'. 'ಹಸಿವು' ಕೆಳಗೆ 'ಆಕಲಿ'. ಒಂದೊಂದು ಪುಟದಲ್ಲಿ ನಾಲ್ಕಾರು ಕೈಬರಹ.

"ಇದೇನ್ರೀ ಮೇಡಂ, ಗ್ರಂಥಾಲಯದ ಪುಸ್ತಕಾನೋ ಗೋಡೆನೋ?" ಎಂದೆ.

ಅವರು ನಕ್ಕರು. "ಐದು ವರ್ಷದಿಂದ ಮಕ್ಕಳು ಬರ್ದಿದ್ದು ಸಾರ್. ದೊಡ್ಡೋರು ಅರ್ಥ ತಿಳ್ಕೊಂಡು ತೆಲುಗಲ್ಲಿ ಬರೀತಾರೆ, ಸಣ್ಣೋರು ಅದನ್ನ ನೋಡ್ಕೊಂಡು ಕನ್ನಡ ಓದ್ತಾರೆ. ನಾನು ಕನ್ನಡ ಕಲ್ತಿದ್ದೂ ಹಿಂಗೇ. ಪಕ್ಕದಲ್ಲಿ ಉರ್ದೂಲಿ ಬರ್ಕೊಂಡು ಬರ್ಕೊಂಡು. ಈ ಮಕ್ಕಳು ಮೂರನೇ ಕ್ಲಾಸಿಗೇ ಕಥೆ ಪುಸ್ತಕ ಓದ್ತಾರೆ, ಬೇಕಾದ್ರೆ ಕೂರಿಸಿ ನೋಡಿ."

ನಾನು ಕೂರಿಸಿ ನೋಡಲಿಲ್ಲ. ನಾನು ಹೋಗಿದ್ದದ್ದು ಕೋಣೆ ನೋಡಲು. ತಾಲ್ಲೂಕಿನಲ್ಲಿ ಪುಸ್ತಕಕ್ಕೆಂದು ಬೇರೆ ಕೋಣೆ, ಒಳ್ಳೆಯ ಬೆಳಕು, ಗೋಡೆಗೆ ಸುಣ್ಣ, ಇಷ್ಟೆಲ್ಲ ಇದ್ದ ಪ್ರಾಥಮಿಕ ಶಾಲೆ ನನ್ನ ಕಣ್ಣಿಗೆ ಬಿದ್ದದ್ದು ಅದೊಂದೇ. ಮಾದರಿ ಓದುವ ಮೂಲೆ ಇಲ್ಲೇ ಎಂದು ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡೆ. ಆದರೆ ಆ ಹರಕು ಪುಸ್ತಕಗಳನ್ನು ಇಟ್ಟುಕೊಂಡು ಫೋಟೋ ತೆಗೆಯುವುದು ಹೇಗೆ?

ಮೇಲಧಿಕಾರಿಗಳಿಗೆ ವಿಷಯ ತಿಳಿಸಿದೆ. ಅವರು, "ಕಂಡಮ್ ಮಾಡಿಸ್ರೀ. ಹೈಸ್ಕೂಲಿಂದ ಒಳ್ಳೆ ಪುಸ್ತಕ ತರಿಸಿ ಜೋಡಿಸಿ. ಫೋಟೋ ಚೆನ್ನಾಗಿ ಬರ್ಬೇಕು" ಎಂದರು. ಕಂಡಮ್ ಎಂದರೆ ಸರ್ಕಾರಿ ವಸ್ತು ಕೆಲಸಕ್ಕೆ ಬಾರದೆಂದು ಸಮಿತಿಯೊಂದು ತೀರ್ಮಾನಿಸಿ ದಾಸ್ತಾನು ಪುಸ್ತಕದಿಂದ ತೆಗೆದುಹಾಕುವುದು. ಮುರಿದ ಬೆಂಚು, ತೂತು ಬಿದ್ದ ಬಕೆಟ್ಟಿಗೆ ಇದ್ದ ಆ ಪದ್ಧತಿಯನ್ನೇ ನಾವು ಪುಸ್ತಕಕ್ಕೂ ಬಳಸುತ್ತಿದ್ದೆವು. 'ಹರಿದಿರುವುದು, ಗೀಚಿರುವುದು' ಎಂದು ಒಂದು ಕಾಲಂ ಇತ್ತು. ಆ ಕಾಲಮ್ಮಿನ ಪ್ರಕಾರ ಆ ಶಾಲೆಯ ನೂರ ಅರವತ್ತೆರಡು ಪುಸ್ತಕಗಳಲ್ಲಿ ನೂರ ಮೂವತ್ತೇಳು ಕೆಲಸಕ್ಕೆ ಬಾರದವು. ಉಳಿದ ಇಪ್ಪತ್ತೈದು ಯಾಕೆ ಚೆನ್ನಾಗಿದ್ದವು ಗೊತ್ತೇ? ಅವು ಮಕ್ಕಳಿಗೆ ಬೇಡವಾದ ಪುಸ್ತಕಗಳು. ಇಲಾಖೆಯ ವಾರ್ಷಿಕ ವರದಿ, ಯಾವುದೋ ಯೋಜನೆಯ ಪರಿಚಯ, ಅಂಥವು.

ಸಕೀನಾ ಮೇಡಂ ಪಟ್ಟಿಯ ಸುದ್ದಿ ಕೇಳಿ ಕಚೇರಿಗೇ ಬಂದರು. ಬಸ್ಸು ಬದಲಿಸಿಕೊಂಡು, ಬಿಸಿಲಿನಲ್ಲಿ ನಡೆದುಕೊಂಡು ಬಂದಿದ್ದರು.

"ಸಾರ್, ಫೋಟೋ ತೆಗೀರಿ, ಬ್ಯಾಡ ಅನ್ನಲ್ಲ. ಅವತ್ತು ಒಂದಿನ ನಮ್ಮ ಪುಸ್ತಕ ಬೀರುವಿನಾಗಿಟ್ಟು ಬೀಗ ಹಾಕ್ತೀನಿ. ಆಮೇಲೆ ತೆಕ್ಕೊಂತೀನಿ. ಅವು ಹೋದ್ರೆ ಮತ್ತೆ ಹುಟ್ಟಲ್ಲ ಸಾರ್."

"ಆಯ್ತು ಮೇಡಂ, ಹಂಗೇ ಮಾಡಣ" ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆದರೆ ಮಾತು ಕೊಟ್ಟ ಮೇಲೆ ಅದನ್ನು ಉಳಿಸಿಕೊಳ್ಳಲು ಏನಾದರೂ ಮಾಡಬೇಕಲ್ಲ, ಅದನ್ನು ಮಾಡಲಿಲ್ಲ.

ಆ ವಾರದ ಗುರುವಾರ, ಶುಕ್ರವಾರ ಚಳ್ಳಕೆರೆಯಲ್ಲಿ ಗ್ರಂಥಾಲಯದ ಹೊಣೆಯವರಿಗೆ ಜಾಲತಾಣ ಬಳಸುವ ತರಬೇತಿ ಇತ್ತು. ತಾಲ್ಲೂಕಿನಿಂದ ಹೋಗುವವರ ಹೆಸರು ಬರೆದವನು ನಾನೇ, ಅದರಲ್ಲಿ ಸಕೀನಾ ಮೇಡಂ ಹೆಸರೂ ಇತ್ತು. ಅದೇ ಗುರುವಾರ ನಾನು ಹಟ್ಟಿಯ ಶಾಲೆಗೆ ಹೋದೆ. ಸಮಿತಿ ಎಂದರೆ ಮೂವರು: ನಾನು, ಹೆಡ್‌ಮಾಸ್ಟರ್ ತಿಪ್ಪೇಸ್ವಾಮಿ, ಊರಿನ ಶಾಲಾ ಸಮಿತಿಯ ಅಧ್ಯಕ್ಷರು. ಅಧ್ಯಕ್ಷರು "ಎಲ್ಲಿ ಹಾಕ್ಬೇಕು?" ಎಂದು ಕೇಳಿ, ತೋರಿಸಿದ ಕಡೆ ಸಹಿ ಹಾಕಿ ಹೊಲಕ್ಕೆ ಹೋದರು. ನಾನೂ ಹಾಕಿದೆ. ಪುಸ್ತಕಗಳನ್ನು ಬೀರುವಿನಲ್ಲಿಡಲು ಹೇಳಿದಾಗ ತಿಪ್ಪೇಸ್ವಾಮಿ ತಲೆ ಅಲ್ಲಾಡಿಸಿದರು.

"ಆಗಂಗಿಲ್ಲ ಸಾರ್. ಪಟ್ಟಿಯಿಂದ ಹೋದ ವಸ್ತು ಕಟ್ಟಡದಾಗೆ ಇರಂಗಿಲ್ಲ. ನಾಳೆ ಆಡಿಟ್‌ನೋರು ಬಂದು ಬೀರು ತೆಗ್ಸಿದ್ರೆ ಏನ್ ಹೇಳ್ಲಿ? ಇನ್ನು ಎಲ್ಡು ವರ್ಷ ಐತೆ ನನ್ ಸರ್ವೀಸು."

ನಿಯಮ ಹಾಗೇ ಇತ್ತು. ಪಟ್ಟಿಯಿಂದ ತೆಗೆದದ್ದನ್ನು ಸಮಿತಿಯ ಎದುರೇ ವಿಲೇವಾರಿ ಮಾಡಬೇಕು. ಪಟ್ಟಿಗೆ ಸಹಿ ಹಾಕುವ ಮುಂಚೆ ಇದು ನನಗೆ ಹೊಳೆಯಬೇಕಿತ್ತು. ಸಹಿಯಾಗಿತ್ತು. ಹೊಡೆದು ಹಾಕಿ ಹೊಸ ಪಟ್ಟಿ ಬರೆಯಬಹುದಿತ್ತು, ಅರ್ಧ ದಿನದ ಕೆಲಸ. ಹೈಸ್ಕೂಲಿನಿಂದ ಪುಸ್ತಕ ಹೊತ್ತ ಆಟೋ ಆಗಲೇ ಹೊರಟಿತ್ತು, ಫೋಟೋದವನೂ ಬರುವವನಿದ್ದ. ಅಡುಗೆ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಮುಗಿದು, ಬಿಸಿಯೂಟದ ಅಡುಗೆಯ ಓಬಕ್ಕ ಕಟ್ಟಿಗೆ ಒಲೆ ಹೂಡಿ ಊದುತ್ತಿದ್ದಳು. ಕಟ್ಟಿಗೆ ಹಸಿ, ಹೊಗೆಯೋ ಹೊಗೆ.

"ಒಲೆಗೆ ಹಾಕ್ಸಿಬಿಡ್ರಿ ಅತ್ಲಾಗೆ" ಎಂದೆ. ಹೌದು, ನಾನೇ ಹೇಳಿದ್ದು. ತಿಪ್ಪೇಸ್ವಾಮಿಯಲ್ಲ.

ಓಬಕ್ಕ ಮೊದಲ ಪುಸ್ತಕವನ್ನು ಕೈಯಲ್ಲಿ ಹಿಡಿದು ತಿರುವಿ ಹಾಕಿದಳು. ಅವಳಿಗೆ ಓದು ಬಾರದು. ಆದರೂ ಏನನ್ನೋ ಹುಡುಕಿ, "ಸಾ, ಇದ್ರಾಗೆ ನನ್ ಮಗಳು ಬರ್ದಿರೋದು ಐತೆ ಸಾ. ನಂಗೆ ತೋರ್ಸಿದ್ಲು" ಎಂದಳು.

"ಹಾಕಮ್ಮ, ಹೊತ್ತಾತು" ಎಂದೆ.

ಒಲೆ ಚೆನ್ನಾಗಿ ಹತ್ತಿಕೊಂಡಿತು. ಅವತ್ತು ಅನ್ನ, ಸಾರು. ಮಕ್ಕಳು ಸಾಲಾಗಿ ಕೂತು ಉಂಡರು. ನಾನೂ ಅವರ ಜೊತೆ ಕೂತು ಉಂಡೆ, ಎರಡನೇ ಸಲ ಹಾಕಿಸಿಕೊಂಡು ಉಂಡೆ. ಥೂ! ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ಇನ್ನೂ ಹೊಲಸು.

ಮಧ್ಯಾಹ್ನ ಆಟೋ ಬಂತು. ಪಟ್ಟಣದ ಹೈಸ್ಕೂಲೊಂದರ ಬೀರುವಿನಿಂದ ತಂದ ಪುಸ್ತಕಗಳು, ಫಳಫಳ ಹೊಳೆಯುತ್ತಿದ್ದವು. ತೆರೆದರೆ ಬೆನ್ನು ಚಟ್ ಎನ್ನುತ್ತಿತ್ತು, ಯಾರೂ ತೆರೆದೇ ಇರಲಿಲ್ಲ. ಬಣ್ಣ ಬಣ್ಣವಾಗಿ ಜೋಡಿಸಿದೆವು. ತಲೆ ಬಾಚಿಕೊಂಡು ಬಂದಿದ್ದ ಎಂಟು ಮಕ್ಕಳನ್ನು ಆರಿಸಿ ಚಾಪೆ ಮೇಲೆ ಕೂರಿಸಿ ಕೈಗೊಂದೊಂದು ಪುಸ್ತಕ ಕೊಟ್ಟೆವು. ಅವು ಹೈಸ್ಕೂಲಿನ ಪುಸ್ತಕ, ಆ ಮಕ್ಕಳ ಓದಿಗೆ ನಿಲುಕದವು. ಫೋಟೋ ತೆಗೆದಾಯಿತು. ಸಂಜೆ ಅದೇ ಆಟೋದಲ್ಲಿ ಪುಸ್ತಕಗಳು ವಾಪಸ್ಸು ಹೋದವು. ಓದುವ ಕೋಣೆಯಲ್ಲಿ ಇಲಾಖೆಯ ವಾರ್ಷಿಕ ವರದಿಗಳು ಉಳಿದವು.

ಕೆಲವು ವಾರಗಳಲ್ಲಿ ಫೋಟೋ ಆಯ್ಕೆಯಾಯಿತು. ಜಾಲತಾಣದಲ್ಲಿ 'ಗಡಿಭಾಗದ ಮಾದರಿ ಓದುವ ಮೂಲೆ' ಎಂದು ಬಂತು. ಕೆಳಗೆ ನನ್ನ ಹೆಸರು. ಕಚೇರಿಯಲ್ಲಿ ಎಲ್ಲರೂ ಕೈ ಕುಲುಕಿದರು.

ಅದಕ್ಕೆ ಮೊದಲೇ, ತರಬೇತಿ ಮುಗಿದ ಮರು ಸೋಮವಾರ, ಸಕೀನಾ ಮೇಡಂ ಶಾಲೆಗೆ ಹೋಗಿ, ಅಲ್ಲಿಂದ ಸೀದಾ ನಮ್ಮ ಕಚೇರಿಗೆ ಬಂದರು. ಜಗಳ ಮಾಡುತ್ತಾರೆ ಎಂದುಕೊಂಡಿದ್ದೆ. ಉತ್ತರಗಳನ್ನು ತಯಾರು ಮಾಡಿಟ್ಟುಕೊಂಡಿದ್ದೆ: ನಿಯಮ, ಆಡಿಟ್, ಹೊಸ ಪುಸ್ತಕಕ್ಕೆ ಬೇಡಿಕೆ ಕಳಿಸಿದ್ದೇನೆ, ಇತ್ಯಾದಿ. ಅವರು ಕೂರಲಿಲ್ಲ. ಚೀಲದಿಂದ ನಾನು ಹಂಚಿದ್ದ ಕೈಪಿಡಿಯನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು.

"ಸಾರ್, ಹದಿನೆಂಟನೇ ಪುಟ ಓದಿದೀರಾ?"

ನಾನು ಕೈಪಿಡಿಯನ್ನು ನನ್ನ ಕಡೆಗೆ ಎಳೆದುಕೊಂಡೆ.

"ತರಬೇತೀಲಿ ಇದನ್ನೇ ಹೇಳ್ಕೊಟ್ರು. ನಾನು ಕೈ ಎತ್ತಿ, ನಮ್ಮ ಶಾಲೇಲಿ ಐದು ವರ್ಷದಿಂದ ಹಿಂಗೇ ಮಾಡ್ತಿದೀವಿ ಅಂದೆ. ಎಲ್ಲಾರೂ ಚಪ್ಪಾಳೆ ಹೊಡೆದ್ರು ಸಾರ್. ಪುಸ್ತಕ ತಂದು ತೋರ್ಸಿ ಅಂದ್ರು. ಆಯ್ತು ಅಂತ ಬಂದೆ."

ಅಷ್ಟು ಹೇಳಿ ಹೋಗಿಬಿಟ್ಟರು. ಅವರು ಹೋದ ಮೇಲೆ ಹದಿನೆಂಟನೇ ಪುಟ ತೆಗೆದೆ. ಮಕ್ಕಳ ಮನೆಮಾತು ಶಾಲೆಯ ಮಾತಿಗಿಂತ ಬೇರೆಯಾಗಿದ್ದರೆ, ಕಷ್ಟದ ಪದಗಳ ಪಕ್ಕದಲ್ಲಿ ಮನೆಮಾತಿನ ಪದವನ್ನು ಮಕ್ಕಳಿಂದಲೇ ಪೆನ್ಸಿಲ್‌ನಲ್ಲಿ ಬರೆಸಬೇಕು ಎಂದಿತ್ತು. ಹಾಗೆ ಬರೆದ ಪುಸ್ತಕಗಳನ್ನು ಜೋಪಾನ ಮಾಡಬೇಕು, ಮುಂದಿನ ತರಗತಿಯವರಿಗೆ ಅವೇ ನಿಘಂಟು ಎಂದಿತ್ತು. ಪ್ರಿಂಟ್ ತೆಗೆಸಿದವನು ನಾನು, ಸ್ಟೇಪಲ್ ಹೊಡೆದವನು ನಾನು, ಊರೂರಿಗೆ ಹೊತ್ತು ಹಂಚಿ ಸಹಿ ತೆಗೆದುಕೊಂಡವನು ನಾನು. ಆ ಕಾಗದದಲ್ಲಿ ಏನಿದೆಯೋ ಅದನ್ನೇ ಒಲೆಗೆ ಹಾಕಿಸಿದವನೂ ನಾನೇ. ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ಮುಖ ತೊಳೆದುಕೊಂಡೆ. ಏನೂ ಪ್ರಯೋಜನವಾಗಲಿಲ್ಲ.

ಫೋಟೋ ಜಾಲತಾಣದಲ್ಲಿ ಬಂದ ಮೇಲೆ, ಅದನ್ನಾದರೂ ಅಲ್ಲಿಂದ ತೆಗೆಸಿಬಿಡೋಣ ಎಂದು ಪತ್ರ ಬರೆದೆ. ನಮ್ಮ ಕಡೆಯಿಂದ ಜಾಲತಾಣಕ್ಕೆ ಫೋಟೋ ಹಾಕುತ್ತಿದ್ದ ಜಿಲ್ಲಾ ಕಚೇರಿಯ ನೌಕರ ವರ್ಗವಾಗಿ ಹೋಗಿದ್ದ, ಪಾಸ್‌ವರ್ಡ್ ಅವನ ಜೊತೆಗೇ ಹೋಗಿತ್ತು. ಮೇಲಧಿಕಾರಿಗಳು, "ನಿಮಗೇನ್ರೀ ಹುಚ್ಚಾ? ಬಂದಿರೋ ಹೆಸರನ್ನ ಯಾರಾದ್ರೂ ತೆಗೆಸ್ತಾರಾ?" ಎಂದರು. ಫೋಟೋ ಅಲ್ಲೇ ಇತ್ತು.

ನವೆಂಬರ್‌ನಲ್ಲಿ ಆ ಫೋಟೋದಿಂದಲೇ ಪೇಚು ಬಂತು. ಪಕ್ಕದ ಜಿಲ್ಲೆಯಿಂದ ಆರು ಜನ ಶಿಕ್ಷಕರು ಜಾಲತಾಣದಲ್ಲಿ ಫೋಟೋ ನೋಡಿ, ಓದುವ ಮೂಲೆ ನೋಡಲು ಬರುತ್ತೇವೆ ಎಂದು ತಿಳಿಸಿದರು. "ಮತ್ತೆ ಹೈಸ್ಕೂಲಿಂದ ತರಿಸಿ ಜೋಡಿಸ್ರೀ" ಎಂದು ಆದೇಶ ಬಂತು. ಆ ಆದೇಶ ಸಕೀನಾ ಮೇಡಂಗೂ ಹೋಗಿತ್ತು. ಅವರು ಜೋಡಿಸುವುದಿಲ್ಲ ಎಂದು ಬರೆದುಕೊಟ್ಟರು. ನೋಟಿಸು ಕೊಡಬೇಕು ಎಂದು ಕಚೇರಿಯಲ್ಲಿ ಮಾತು ಶುರುವಾಯಿತು. ಪುಸ್ತಕವನ್ನೂ ಕಳೆದುಕೊಂಡು, ಕೊನೆಗೆ ತಪ್ಪಿತಸ್ಥರೂ ಅವರೇ ಆಗುವ ಹೊತ್ತು.

ಪಕ್ಕದ ಜಿಲ್ಲೆಯವರು ಬಂದ ದಿನ ನಾನು ಆಟೋ ಕಳಿಸಲಿಲ್ಲ. ಅತಿಥಿಗಳನ್ನು ಕರೆದುಕೊಂಡು ಹೋಗಿ ಕೋಣೆಯ ಬಾಗಿಲು ತೆರೆದೆ. ಖಾಲಿ ರ‍್ಯಾಕು, ಇಪ್ಪತ್ತೈದು ವರದಿಗಳು, ಮೇಲೆ ಧೂಳು. ಸಕೀನಾ ಮೇಡಂ ಬಾಗಿಲ ಬಳಿ ನಿಂತಿದ್ದರು.

"ಇಲ್ಲಿ ನೂರ ಮೂವತ್ತೇಳು ಪುಸ್ತಕ ಇದ್ದವು. ಮಕ್ಕಳು ಓದಿ ಓದಿ ಹರಿದಿದ್ದವು. ನಾನೇ ಒಲೆಗೆ ಹಾಕಿಸಿದೆ. ಫೋಟೋದಲ್ಲಿರೋದು ತಂದು ಜೋಡಿಸಿದ್ದು. ಈ ಮೇಡಂದು ಏನೂ ತಪ್ಪಿಲ್ಲ" ಎಂದೆ. ಬೈಯಲಿ, ಉಗಿಯಲಿ, ಎಲ್ಲಿಗಾದರೂ ಬರೆದು ಕಳಿಸಲಿ, ಸಿದ್ಧನಾಗಿದ್ದೆ.

ಅವರಲ್ಲಿ ಹಿರಿಯರು ನನ್ನ ಭುಜ ತಟ್ಟಿದರು. "ಅಯ್ಯೋ ಬಿಡ್ರಿ ಸಾರ್, ಅದಕ್ಯಾಕೆ ಇಷ್ಟು ಬೇಜಾರು. ಎಲ್ಲಾ ಕಡೆ ಹಿಂಗೇ ನಡೆಯೋದು. ಜೋಡಿಸಿದ್ದು ಮಾತ್ರ ಭಾಳ ಚೆಂದ ಐತೆ ಫೋಟೋದಾಗೆ. ಈ ರ‍್ಯಾಕಿನ ಅಳತೆ ಎಷ್ಟು?"

ಇನ್ನೊಬ್ಬರು ಟೇಪು ತೆಗೆದು ಅಳೆಯತೊಡಗಿದರು. ಒಬ್ಬರು ಬರೆದುಕೊಂಡರು. ನಾನು ಮಾಡಿದ್ದು ಎಂಥ ಹೊಲಸು ಎಂದು ನನಗೆ ಪೂರ್ತಿ ಗೊತ್ತಾದದ್ದು ಆಗ. ಅದು ಯಾರಿಗೂ ಹೊಲಸಾಗಿ ಕಾಣಲೇ ಇಲ್ಲ. ಸಕೀನಾ ಮೇಡಂ ತರಗತಿಗೆ ಹೋದರು.

ಮರುದಿನ ನಾನು ಹೈಸ್ಕೂಲಿಗೆ ಹೋಗಿ, ಬೀರುವಿನ ತಳದವರೆಗೂ ಹುಡುಕಿ, ಪ್ರಾಥಮಿಕ ತರಗತಿಗೆ ಹೊಂದುವ ತೊಂಬತ್ತು ಪುಸ್ತಕ ಆರಿಸಿದೆ. ಅಲ್ಲಿಯವರು ಬೀರುವಿಗೆ ಅಡ್ಡ ನಿಂತರು. "ಹೊಸಾವು ಸಾರ್, ಒಂದು ಹಾಳೆ ಮಡಚಿಲ್ಲ ಇನ್ನೂ" ಎಂದರು.

"ಅದಕ್ಕೇ ಒಯ್ತಿರೋದು" ಎಂದೆ.

ದಾಸ್ತಾನು ಪುಸ್ತಕದಿಂದ ದಾಸ್ತಾನು ಪುಸ್ತಕಕ್ಕೆ ವರ್ಗ ಮಾಡಿ ಸಹಿ ಹಾಕಿದೆ. ಹಾಗೆ ಮಾಡುವ ಅಧಿಕಾರ ನನಗಿರಲಿಲ್ಲ, ಮೆಮೊ ಬಂತು. ಸಕೀನಾ ಮೇಡಂಗೆ ಕೊಡಬೇಕೆಂದಿದ್ದ ನೋಟಿಸನ್ನು ಬಿಟ್ಟರು, ಬೈಯಲು ನಾನು ಸಿಕ್ಕಿದ್ದೆನಲ್ಲ. ಇದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಸುಟ್ಟವನು ಒಂದಿಷ್ಟು ತಂದಿಟ್ಟ, ಅಷ್ಟೇ. ಪುಸ್ತಕ ಇಳಿಸಿಕೊಳ್ಳುವಾಗ ಮೇಡಂ, "ಪುಸ್ತಕ ಬಂದ್ವು ಸಾರ್, ಅರ್ಥ ಬರಲಿಲ್ಲ" ಎಂದರು. ಆ ಐದು ವರ್ಷ ಅರ್ಥ ಬರೆದಿದ್ದ ಮಕ್ಕಳಲ್ಲಿ ಅರ್ಧ ಜನ ಆಗಲೇ ಶಾಲೆ ಬಿಟ್ಟು ಕೂಲಿಗೆ, ಕುರಿಗೆ ಹೋಗಿದ್ದರು. ಬರೆದವರನ್ನು ಎಲ್ಲಿಂದ ತರುವುದು?

ಫೆಬ್ರವರಿಯಲ್ಲಿ ಮತ್ತೆ ಆ ಶಾಲೆಗೆ ಹೋದೆ. ಓದುವ ಕೋಣೆಯಲ್ಲಿ ಓಬಕ್ಕನ ಮಗಳು ಮಂಜಕ್ಕ ಕೂತಿದ್ದಳು. ಐದನೇ ತರಗತಿ. ಕೈಯಲ್ಲಿ ಹೊಸ ಪುಸ್ತಕ, ಬೆರಳು ಒಂದು ಪದದ ಮೇಲೆ ನಿಂತಿತ್ತು. 'ಬೆಳದಿಂಗಳು'. ಪಕ್ಕದ ಹುಡುಗಿಯನ್ನು ಕೇಳಿದಳು. ಅವಳಿಗೆ ಗೊತ್ತಿರಲಿಲ್ಲ. ಸಕೀನಾ ಮೇಡಂ ಅಲ್ಲಿಂದಲೇ, "ವೆನ್ನೆಲ ಕಣೇ" ಎಂದರು. ಮಂಜಕ್ಕನ ಮುಖ ಅರಳಿತು, ಬೆರಳು ಮುಂದಕ್ಕೆ ಹೋಯಿತು.

ನಾನು ಜೇಬಿನಿಂದ ಪೆನ್ಸಿಲ್ ತೆಗೆದು ಅವಳ ಮುಂದೆ ಹಿಡಿದೆ. "ಪಕ್ಕದಲ್ಲಿ ಬರ್ಕೊಳವ್ವ. ಮುಂದೆ ಓದೋರಿಗೆ ಆಗ್ತೈತೆ."

ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಬ್ಯಾಡ ಸಾ. ಬರದ್ರೆ ಒಲಿಗೆ ಹಾಕ್ತಾರೆ."

ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಆ ಪದದ ಪಕ್ಕ ನನ್ನ ಕೈಯಿಂದಲೇ 'ವೆನ್ನೆಲ' ಎಂದು ಬರೆದೆ. ನಂಬಿಕೆ ಬರಲಿ ಎಂದು ಕೆಳಗೆ ಸಹಿಯನ್ನೂ ಹಾಕಿದೆ. ಅಭ್ಯಾಸ. ಅವಳು ಆ ಸಹಿಯನ್ನು ಬಹಳ ಹೊತ್ತು ನೋಡಿದಳು. ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡು ಕೇಳಿದಳು:

"ಈಗ ಇದನ್ನೂ ಸುಡ್ತಾರಾ ಸಾ?"

ಇಲ್ಲ ಎಂದೆ. ಅವಳು ನಂಬಲಿಲ್ಲ. ಪುಸ್ತಕವನ್ನು ರ‍್ಯಾಕಿನಲ್ಲಿ ಇಡದೆ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು.

ನಾನು ನಿವೃತ್ತನಾಗುವವರೆಗೂ ಇನ್ನೂ ಎಷ್ಟೋ ಸುತ್ತೋಲೆ ಹಂಚಿದೆ, ಎಷ್ಟೋ ಕೈಪಿಡಿ ಇಳಿಸಿಕೊಂಡೆ. ಒಂದನ್ನೂ ಕೊನೆಯ ಪುಟದವರೆಗೆ ಓದದೆ ಯಾರ ಕೈಗೂ ಕೊಡಲಿಲ್ಲ. ಹಂಚುವವನು ಮೊದಲು ಓದಬೇಕು. ಈ ಕೆಲಸ ನನಗೆ ಕಲಿಸಿದ್ದು ಇದೊಂದೇ. ಇಷ್ಟನ್ನು ಕಲಿಯಲು ನನಗೆ ನೂರ ಮೂವತ್ತೇಳು ಪುಸ್ತಕ ಬೇಕಾಯಿತು, ಅವೂ ನನ್ನವಲ್ಲ.